ಫಾರ್ಮಲಿನ್‌ಗೆ ಹಾಕಿಟ್ಟ ಮಾಸು

ಕಾಲೇಜೊಂದರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಸಹಾಯಕ. ಕಪ್ಪೆ, ಹಾವು, ಮೀನು, ಸತ್ತು ಹುಟ್ಟಿದ ಕುರಿಮರಿ, ಏನೇ ಬಂದರೂ ತೊಳೆದು, ಗಾಜಿನ ಜಾಡಿಗೆ ಹಾಕಿ, ಫಾರ್ಮಲಿನ್ ಸುರಿದು ಚೀಟಿ ಅಂಟಿಸುವುದು ನನ್ನ ಕೆಲಸ. ನಾನು ಇಟ್ಟದ್ದು ಯಾವುದೂ ಇದುವರೆಗೆ ಕೆಟ್ಟಿಲ್ಲ ಎಂಬ ಜಂಬ ಬೇರೆ.

ಹೆಂಡತಿಗೆ ಎರಡು ಸಲ ಗರ್ಭ ಹೋಗಿತ್ತು. ಎರಡೂ ಮೂರು ತಿಂಗಳು ತುಂಬುವ ಮೊದಲೇ. "ಅವಳ ಹೊಟ್ಟೇಲಿ ನಿಲ್ಲಲ್ಲ ಕಣೋ, ಬುಡು" ಎಂದು ಅಮ್ಮ ಅಡುಗೆಮನೆಯಿಂದ, ಅವಳಿಗೂ ಕೇಳಿಸುವ ಹಾಗೆ ಹೇಳುತ್ತಿದ್ದಳು. ನಾನು ರೇಗುತ್ತಿದ್ದೆ. ಆದರೆ ಅಲ್ಲ ಎನ್ನಲು ನನ್ನ ಹತ್ತಿರ ಏನಿತ್ತು? ನಮ್ಮಿಬ್ಬರ ರಕ್ತಪರೀಕ್ಷೆಯಲ್ಲೂ ಕಾರಣ ಸಿಕ್ಕಿರಲಿಲ್ಲ.

ಮೂರನೇ ಸಲ ಬಸುರಿಯಾದಾಗ ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಗುವಿಗೆ ಅನ್ನ, ಉಸಿರು ಎಲ್ಲ ಹೋಗುವುದು ಮಾಸಿನಿಂದ. ಆ ಮಾಸಾಗಿ ಬೆಳೆಯುವ ಮೊದಮೊದಲ ಜೀವಕೋಶಗಳಲ್ಲಿ ವರ್ಣತಂತು ಒಂದು ಹೆಚ್ಚೋ ಕಡಿಮೆಯೋ ಆದರೆ ಎಷ್ಟೋ ಸಲ ಗರ್ಭ ಉಳಿಯುವುದಿಲ್ಲ. ಅದರಲ್ಲಿ ತಾಯಿಯ ತಪ್ಪೇನೂ ಇರುವುದಿಲ್ಲ. "ಹಾಗಾಗದೇ ಇರಲಿ. ಅಕಸ್ಮಾತ್ ಆದ್ರೆ, ಹೊರಗೆ ಬಂದಿದ್ದನ್ನ ಎಸೀಬೇಡಿ, ಪರೀಕ್ಷೆಗೆ ಕಳಿಸೋಣ. ಅದನ್ನ ಹೇಗೆ ಇಟ್ಕೋಬೇಕು ಅಂದ್ರೆ..."

"ಅದನ್ನ ನನಗೆ ಬಿಡಿ ಮೇಡಂ, ನಮ್ಮ ಕಸುಬೇ ಅದು" ಎಂದುಬಿಟ್ಟೆ. ಲ್ಯಾಬಿನವನೆಂದು ಗೊತ್ತಿದ್ದ ಅವರು, ಪಾಪ, ನಂಬಿ ಸುಮ್ಮನಾದರು.

ಒಂದು ಭಾನುವಾರ ಬೆಳಗ್ಗೆ ವಿಜಯನಗರದ ನಮ್ಮ ಮನೆಯ ಬಚ್ಚಲಲ್ಲಿ ಅದೂ ಮುಗಿದುಹೋಯಿತು. ಅವಳು ಗೋಡೆ ಹಿಡಿದು ಅಳುತ್ತಲೇ, "ರೀ, ಜೋಪಾನವಾಗಿ ಎತ್ತಿಡಿ. ನಂದೇ ತಪ್ಪಾ ಅಂತ ಗೊತ್ತಾಗ್ಬೇಕು ನಂಗೆ" ಎಂದಳು. ಅಯ್ಯೋ, ಎಷ್ಟು ಜೋಪಾನ ಮಾಡಿದೆ! ಬೇಡದಿರಲಿ ಎನ್ನುತ್ತಲೇ ತಂದಿಟ್ಟಿದ್ದ ಹೊಸ ಜಾಡಿ, ಹೊಸ ಕೈಗವಸು. ಎತ್ತಿ ಜಾಡಿಗೆ ಹಾಕಿದೆ. ಲ್ಯಾಬಿನಿಂದ ತಂದಿದ್ದ ಫಾರ್ಮಲಿನ್ ಸುರಿದೆ. ಮುಚ್ಚಳಕ್ಕೆ ಮೇಣವನ್ನೂ ಹಚ್ಚಿದೆ. ಆಸ್ಪತ್ರೆಯಲ್ಲಿ ನರ್ಸ್ ಅದನ್ನು ಹಾಗೆಯೇ ಪರೀಕ್ಷೆಗೆ ಕಳಿಸಿದರು.

ಹತ್ತು ದಿನದ ಮೇಲೆ ಡಾಕ್ಟರಮ್ಮ ನನ್ನೊಬ್ಬನನ್ನೇ ಒಳಗೆ ಕರೆದರು. "ಸಲೈನಲ್ಲಿ ಇಡ್ಬೇಕಿತ್ತು ಸರ್. ಈ ವರ್ಣತಂತು ಪರೀಕ್ಷೆಗೆ ಜೀವಕೋಶ ಜೀವಂತ ಇರ್ಬೇಕು. ಫಾರ್ಮಲಿನ್‌ಗೆ ಸತ್ತೋಗಿವೆ. ಏನೂ ಹೇಳಕ್ಕಾಗಲ್ಲ ಅಂತ ಬರೆದು ಕಳಿಸಿದಾರೆ."

ನನಗೆ ಗೊತ್ತಿಲ್ಲದ್ದೇ ಅದು? ಕೊಳೆಯದಂತೆ ಇಡುವುದೆಂದರೆ ಪೂರ್ತಿ ಕೊಂದು ಇಡುವುದು ಎಂದು ವಿದ್ಯಾರ್ಥಿಗಳಿಗೆ ವರ್ಷ ವರ್ಷವೂ ಹೇಳುವ ಮುಠ್ಠಾಳ ನಾನೇ. ತಲೆ ಚಚ್ಚಿಕೊಳ್ಳಬೇಕೆನಿಸಿತು.

"ಬೇರೆ ದಾರಿ ಇಲ್ವಾ ಮೇಡಂ?"

"ಇದರಲ್ಲಿ ಇಲ್ಲ. ಇನ್ನೊಂದ್ಸಲ ಹೀಗಾದ್ರೆ ಮಾತ್ರ" ಎಂದವರು ನನ್ನ ಮುಖ ನೋಡಲಿಲ್ಲ.

ಹೊರಗೆ ಬೆಂಚಿನ ಮೇಲಿದ್ದವಳು ನನ್ನನ್ನು ಕಂಡು ಎದ್ದಳು. ನಿನ್ನ ತಪ್ಪಲ್ಲವಂತೆ ಎಂದು ಸುಳ್ಳು ಹೇಳಿದ್ದರೆ ಮುಗಿದಿತ್ತು. ಬಾಯಿ ಬರಲಿಲ್ಲ. ನನ್ನ ಕೈಯಿಂದಲೇ ಆದದ್ದು ಎಂದು ಎಲ್ಲ ಹೇಳಿದೆ. ಬೈಯಲಿ, ಆಸ್ಪತ್ರೆಯ ಜನರ ಎದುರೇ ಹೊಡೆಯಲಿ ಎಂದು ಕಾದೆ. ಅವಳು ಸೆರಗನ್ನು ಸರಿಮಾಡಿಕೊಂಡು ಮತ್ತೆ ಕೂತಳು. ಕೇಳಿದಳು:

"ಹಂಗಾದ್ರೆ, ಗೊತ್ತಾಗ್ಬೇಕು ಅಂದ್ರೆ ಇನ್ನೊಂದು ಮಗೂನ ಕಳ್ಕೋಬೇಕಾ ರೀ?"