ಕೆಂಪು ಕೂಲಂಟಿಗೆ ಹಸಿರು ಸುರಿದದ್ದು

ನಮ್ಮ ಲಾರಿಯ ಇಂಜಿನ್ ತಂಪಾಗಿಡಲು ಯಾವ ಕೂಲಂಟ್ ಹಾಕಬೇಕೆಂದು ಆರಿಸಿದವಳು ನಾನು. ದಾವಣಗೆರೆಯಲ್ಲಿ ಅಪ್ಪ ಬಿಟ್ಟುಹೋದ ಮೆಕ್ಕೆಜೋಳದ ವ್ಯಾಪಾರವನ್ನು ಅಣ್ಣನೂ ನಾನೂ ಸೇರಿ ನಡೆಸುತ್ತಿದ್ದೆವು. ಖರೀದಿ ಅವನದು, ಲಾರಿಯ ಉಸ್ತುವಾರಿ ನನ್ನದು. ಲಾರಿಯ ಜೊತೆ ಬಂದ ಪುಸ್ತಕವನ್ನು ನಮ್ಮ ಮನೆಯಲ್ಲಿ ಬಿಚ್ಚಿ ಓದಿದವಳು ನಾನೊಬ್ಬಳೇ. ಬಣ್ಣ ನೋಡಿ ಕೂಲಂಟ್ ಕೊಳ್ಳಬಾರದು, ಡಬ್ಬಿಯ ಮೇಲೆ ಯಾವ ಬಗೆಯದೆಂದು ಬರೆದಿದೆಯೋ ಅದನ್ನು ನೋಡಬೇಕು ಎಂದು ಅದರಲ್ಲಿತ್ತು. ನಮ್ಮ ಇಂಜಿನ್ನಿಗೆ ಹೇಳಿದ್ದ ಬಗೆ ಅಂಗಡಿಯಲ್ಲಿ ಸಿಕ್ಕಿದ್ದು ಕೆಂಪು ಬಣ್ಣದಲ್ಲಿ. ನೀರು ಬೆರೆಸದೆ ಹಾಗೇ ಸುರಿಯುವಂಥದ್ದು.

ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಕೊಳವೆಗೆ ಲೈನರ್ ಎನ್ನುತ್ತಾರೆ. ಇಂಜಿನ್ ಓಡುವಷ್ಟು ಹೊತ್ತೂ ಅದು ನಡುಗುತ್ತದೆ. ಆ ನಡುಕಕ್ಕೆ ಸುತ್ತಲಿನ ನೀರಿನಲ್ಲಿ ಗುಳ್ಳೆಗಳು ಎದ್ದು ಒಡೆದು, ಕ್ರಮೇಣ ಕಬ್ಬಿಣವನ್ನೇ ಕೊರೆಯುತ್ತವೆ. ಅದನ್ನು ತಡೆಯುವ ರಾಸಾಯನಿಕ ಒಳ್ಳೆಯ ಕೂಲಂಟಿನಲ್ಲಿ ಮೊದಲೇ ಇರುತ್ತದೆ. ಬರೀ ನೀರಿನಲ್ಲಿ ಎಲ್ಲಿಂದ ಬರಬೇಕು? ಅದರಲ್ಲೂ ನಮ್ಮ ಬೋರಿನ ನೀರು, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ನೀರು! ಇದನ್ನೆಲ್ಲ ಅಣ್ಣನಿಗೆ ಹೇಳಿದಾಗ ಅವನು ನಕ್ಕಿದ್ದ. "ಲಾರಿಗೂ ಪಥ್ಯ ಮಾಡಿಸಾಕ ಹತ್ತಿದಳು ನೋಡು."

ನಕ್ಕರೆ ನಗಲಿ ಎಂದುಕೊಂಡಿದ್ದೆ. ನಮ್ಮ ಡ್ರೈವರ್ ನಗಲಿಲ್ಲ. ಅವರು ಭಾನುವಳ್ಳಿಯವರು, ಅಪ್ಪನ ಕಾಲದಿಂದ ನಮ್ಮಲ್ಲಿದ್ದವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆ.

ನಾನು ಮಾಯಕೊಂಡಕ್ಕೆ ನೆಂಟರ ಮದುವೆಗೆ ಹೋಗಿದ್ದಾಗ ರೇಡಿಯೇಟರ್ ಎಲ್ಲೋ ಜಿನುಗತೊಡಗಿತಂತೆ. ಪೈಪಿನ ಕ್ಲಿಪ್ ಸಡಿಲಾಗಿದ್ದಿರಬೇಕು. ಅಣ್ಣ ಅದನ್ನು ನೋಡಿಸಲಿಲ್ಲ. ಗುರುತಿನ ಅಂಗಡಿಯಿಂದ ಹಸಿರು ಕೂಲಂಟ್ ತಂದು ಕೆಂಪಿನ ಮೇಲೆ ಸುರಿದ. ಅಂಗಡಿಯವನು ಕೊಟ್ಟ, ಸೋರಿಕೆ ಮುಚ್ಚುವ ಪುಡಿಯನ್ನೂ ಸುರಿದ. ಸಾಲದ್ದಕ್ಕೆ ಬೋರಿನ ನೀರು ತುಂಬಿಸಿದ. ನನಗೆ ಒಂದು ಮಾತು ಹೇಳಲಿಲ್ಲ; ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ನಾನು ಮರಳಿ ಬಂದ ಮೇಲೆ ಒಂದು ಮಧ್ಯಾಹ್ನ ಅಣ್ಣನೂ ನಾನೂ ನಮ್ಮ ಜೋಳದ ಅಂಗಡಿಯಲ್ಲಿ ಕೂತಿದ್ದೆವು. ಲಾರಿ ಜೋಳ ಹೇರಿಕೊಂಡು ರಾಣೆಬೆನ್ನೂರಿನ ಕಡೆ ಹೋಗಿತ್ತು. ಅಣ್ಣನ ಫೋನ್ ಬಡಿದುಕೊಂಡಿತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವನ ರೂಢಿ.

"ಸಾವ್ಕಾರ್ರ, ಹರಿಹರದ ಹೊಳಿ ದಾಟೀನಿ. ಗಾಡಿ ಭಾಳ ಕಾಯಾಕ ಹತ್ತೈತಿ. ಮುಳ್ಳು ಕೆಂಪಿಗೆ ಹೋಗೇತಿ. ನಿಲ್ಲಿಸೀನಿ," ಕಾಕಾನ ದನಿ.

"ನಿಲ್ಲಿಸಿದ್ರೆ ಮಾಲು ಯಾರು ಇಳಿಸ್ತಾರ? ನೀರು ಹೊಡ್ಕಂಡು ನಡಿ."

"ಬ್ಯಾಡ್ರಿ, ಇಂಜಿನ್ ಹೋಗ್ತೈತಿ."

"ನಾ ಹೇಳ್ತೀನಿ, ನಡಿ ಅಂದ್ರೆ ನಡಿ!"

ನಾನು ಎದ್ದು ಫೋನಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವನು ಕಟ್ ಮಾಡಿದ್ದ. ನಾನೇ ಕಾಕಾನಿಗೆ ಮಾಡಿದರೆ ಎತ್ತಲಿಲ್ಲ. ಗಾಡಿ ಓಡಿಸುವಾಗ ಅವರು ಫೋನ್ ಮುಟ್ಟುವವರಲ್ಲ. ಸ್ವಲ್ಪ ಹೊತ್ತಿನಲ್ಲೇ ಸುದ್ದಿ ಬಂತು: ಇಂಜಿನ್ ಜಾಮ್.

ಲಾರಿಯನ್ನು ಹರಿಹರದ ಶೆಡ್ಡಿಗೆ ಎಳೆತಂದರು. ಮಾರನೆಯ ದಿನ ನಾವಿಬ್ಬರೂ ಅಲ್ಲಿಗೆ ಹೋದೆವು. ಕಾಕಾ ಲಾರಿಯ ಹತ್ತಿರವೇ ಇದ್ದರು. ಮೇಸ್ತ್ರಿ ರೇಡಿಯೇಟರ್ ಬಿಚ್ಚಿದಾಗ ಒಳಗಿನಿಂದ ಕಂದು ಬಣ್ಣದ ಲೋಳೆ ಬಂತು, ಹಳಸಿದ ಅಂಬಲಿಯ ಹಾಗೆ. ಸಣ್ಣ ಕೊಳವೆಗಳೆಲ್ಲ ಕಟ್ಟಿಹೋಗಿದ್ದವು. ಇಂಜಿನ್ನನ್ನು ಮೇಲಿನಿಂದ ಮುಚ್ಚುವ ಹೆಡ್ಡು ಕಾವಿಗೆ ಸೊಟ್ಟಗಾಗಿತ್ತು.

"ಎರಡು ನಮೂನಿ ಕೂಲಂಟ್ ಕೂಡ್ಸೀರಿ, ಮ್ಯಾಲೆ ಪುಡಿ ಬ್ಯಾರೆ. ಯಾರು ಹಾಕಿದ್ದು?" ಎಂದ ಮೇಸ್ತ್ರಿ.

ಅಣ್ಣ ಒಂದು ಚಣವೂ ತಡೆಯಲಿಲ್ಲ. ಕಾಕಾನ ಕಡೆ ಬೆರಳು ತೋರಿಸಿದ. "ಇನ್ಯಾರು? ಇವನೇ. ಕಾದ ಗಾಡಿ ಓಡಿಸ್ಯಾನ ಬ್ಯಾರೆ. ವಯಸ್ಸಾತು, ಕಣ್ಣು ಕಾಣಂಗಿಲ್ಲ, ತಲೀನೂ ಓಡಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು.

"ಸುಳ್ಳು ಹೇಳಬ್ಯಾಡಣ್ಣ," ಅಂದೆ. "ನಡಿ ಅಂತ ನೀನಂದದ್ದು ನಾ ಕೇಳೀನಿ. ಕೂಲಂಟ್ ಯಾರು ಹಾಕಿದ್ದು ಅನ್ನೋದನ್ನೂ ಈಗ ಹೇಳು."

"ನಾಕು ಮಂದಿ ಮುಂದ ಅಣ್ಣನ ಮರ್ಯಾದಿ ತೆಗಿತೀಯಾ?"

"ಅವರ ಮರ್ಯಾದಿ ತೆಗೆದೋನು ನೀನು!"

ಆಗ ಕಾಕಾ ಮೆಲ್ಲಗೆ ಅಂದರು, "ಬ್ಯಾಡ ಅಂದಿದ್ದೆ ಅಕ್ಕಾರ. ಹಸಿರು ಹಾಕೋದೂ ಬ್ಯಾಡ, ಕಾದ ಗಾಡಿ ಓಡಿಸೋದೂ ಬ್ಯಾಡ ಅಂದಿದ್ದೆ." ಲಾರಿಯ ಕೀ ನನ್ನ ಕೈಗಿಟ್ಟು, ಸೀಟಿನ ಹಿಂದಿದ್ದ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಅಣ್ಣ ಅವರನ್ನು ತಡೆಯಲಿಲ್ಲ.

ಮನೆಯಲ್ಲಿ ಅವ್ವ ಸಮಾಧಾನ ಹೇಳಿದಳು. "ಅಣ್ಣ ಅಲ್ಲೇನವ್ವ, ಬಿಡು. ಡ್ರೈವರ್ ಬ್ಯಾರೆ ಸಿಗ್ತಾನ." ಅಣ್ಣನ ಸುಳ್ಳಿಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ತಟ್ಟೆ ಸರಿಸಿ ಎದ್ದೆ. ಒಬ್ಬ ಮನುಷ್ಯ ನಮ್ಮ ಮನೆಗಾಗಿ ಅಷ್ಟು ವರ್ಷ ದುಡಿದದ್ದಕ್ಕೆ ಇಷ್ಟೇ ಬೆಲೆಯೇ?

ಅದೇ ವಾರ ಭಾನುವಳ್ಳಿಗೆ ಹೋದೆ. ಕಾಕಾನ ಹೆಂಡತಿ ಚಹಾ ಕೊಟ್ಟರು, ಮುಖ ಕೊಡಲಿಲ್ಲ. ಕಾಕಾ ಹೇಳಿದರು, "ನಿಮ್ಮ ಮ್ಯಾಲೆ ಸಿಟ್ಟಿಲ್ಲ ಅಕ್ಕಾರ. ಆದ್ರ ಶೆಡ್ಡಿನಾಗ ಎಲ್ಲರೂ ಕೇಳ್ಯಾರ. ಸಾವ್ಕಾರ್ರು ಬಂದು, ತಪ್ಪು ನಂದು ಅಂತ ಒಂದು ಮಾತು ಅನ್ಲಿ. ನಾಳೆನೇ ಬರ್ತೀನಿ."

ಅಣ್ಣನ ಬೆನ್ನು ಹತ್ತಿದೆ. ಹೋಗದಿದ್ದರೆ ವ್ಯಾಪಾರ ಬೇರೆ ಮಾಡೋಣ ಎಂದೆ. ಕೊನೆಗೆ ಬಂದ. ಅವರ ಅಂಗಳದಲ್ಲಿ ಚಪ್ಪಲಿ ಕೂಡ ಬಿಡದೆ ನಿಂತು, "ಆಗಿದ್ದಾತು, ಬಾ," ಅಂದ.

"ಏನಾಗಿತ್ತು, ಹೇಳ್ರಿ," ಅಂದರು ಕಾಕಾ.

ಅಣ್ಣ ನೆಲ ನೋಡಿದ, ನನ್ನನ್ನು ನೋಡಿದ. ತಿರುಗಿ ಹೋಗಿ ಕಾರಿನಲ್ಲಿ ಕೂತ. ಅಷ್ಟು ದೊಡ್ಡ ಹೆಡ್ಡನ್ನು ಸೊಟ್ಟ ಮಾಡಿದವನ ಬಾಯಲ್ಲಿ ಒಂದು ಸಣ್ಣ ಮಾತು ಹೊರಡಲಿಲ್ಲ.

ಹೇಳಿದಂತೆ ವ್ಯಾಪಾರ ಬೇರೆ ಮಾಡಿಕೊಂಡೆ. ಅಂಗಡಿ ಅವನಿಗೆ, ಇಂಜಿನ್ ಬಿಚ್ಚಿ ಕಟ್ಟಿಸಿದ ಲಾರಿ ನನಗೆ. ತಂಗಿ ಒಂದು ಡಬ್ಬಿ ಕೂಲಂಟಿಗೆ ಮನೆ ಒಡೆದಳು ಎಂದು ನೆಂಟರು ಆಡಿಕೊಳ್ಳುತ್ತಾರೆ. ಮೊದಲೆಲ್ಲ ಕೂರಿಸಿ ವಿವರಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ನನ್ನ ಲಾರಿಗೆ ಕರೆಯಲು ನಾನು ಹೋಗುವಷ್ಟರಲ್ಲಿ ಕಾಕಾ ಹರಿಹರದಲ್ಲಿ ಶಾಲೆಯೊಂದರ ಬಸ್ಸು ಓಡಿಸುವ ಕೆಲಸ ಹಿಡಿದಿದ್ದರು. ಮಕ್ಕಳು ಹೊಂದಿಕೊಂಡಿವೆ, ನಡುವೆ ಬಿಡಲಾರೆ ಎಂದರು. ಒತ್ತಾಯಿಸುವ ಮುಖ ನನಗಿರಲಿಲ್ಲ. ಸುಮ್ಮನೆ ಬಸ್ಸು ಹತ್ತಿ ದಾವಣಗೆರೆಗೆ ಬಂದೆ. ಅಣ್ಣನ ಮೇಲಿನ ಸಿಟ್ಟಿಗೆ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಇದ್ದೆ.