ಮೋಟಾರು ದೋಣಿಗೆ ತುಂಬಿದ ಉಡಿ

ನಮ್ಮ ಊರ ಹತ್ತಿರ ವರದಾ ನದಿಗೆ ಸೇತುವೆ ಇರದ ಕಾಲವದು. ಬೇಸಿಗೆಯಲ್ಲಿ ಮೊಣಕಾಲುಮಟ್ಟ ನೀರಿನಲ್ಲಿ ದಾಟುತ್ತಿದ್ದ ಹೊಳೆ ಮಳೆಗಾಲ ಬಂತೆಂದರೆ ಕೆಂಪಗೆ ಉಬ್ಬಿ ನಮ್ಮನ್ನು ಈಚೆ ದಂಡೆಯಲ್ಲಿ ಕಟ್ಟಿಹಾಕುತ್ತಿತ್ತು. ಹಾನಗಲ್ಲಿಗೆ ಹೋಗುವ ಬಸ್ಸು ಆಚೆ ದಂಡೆಯಲ್ಲಿ ನಿಲ್ಲುತ್ತಿತ್ತು. ದಾಟಲೇಬೇಕಾದವರಿಗೆ ಚರ್ಮದ ಹರಗೋಲು. ಅದು ಸೆಳವಿಗೆ ಗಿರಗಿರ ತಿರುಗುತ್ತಾ ಹೋಗಿ, ದೇವರು ತೋರಿಸಿದಲ್ಲಿ ಇಳಿಸುತ್ತಿತ್ತು.

ಅಕ್ಕ ಏಳನೆಯ ಇಯತ್ತೆ ಪಾಸಾದ ವರ್ಷವೇ ದೋಣಿ ಗುತ್ತಿಗೆ ಹಿಡಿದವರು ಹುಬ್ಬಳ್ಳಿಯಿಂದ ಒಂದು ಹಳೆಯ ಮೋಟಾರು ತಂದು ಮರದ ದೋಣಿಯ ಹಿಂಬದಿಗೆ ಸಿಕ್ಕಿಸಿದರು. ಅದನ್ನು ನಡೆಸಲು ನಮ್ಮ ಕಾಕಾನನ್ನು ಇಟ್ಟುಕೊಂಡರು. ಕಾಕಾ ಅಪ್ಪನ ತಮ್ಮ. ಕಾರವಾರದಲ್ಲಿ ಮೀನಿನ ಲಾಂಚುಗಳ ಮೇಲೆ ಕೆಲಸ ಮಾಡಿ ಬಂದಿದ್ದ. ಅಕ್ಕನನ್ನು ಹಾನಗಲ್ಲಿನ ಹೈಸ್ಕೂಲಿಗೆ ಕಳಿಸುವ ಮಾತು ಬಂದಾಗ ಅಪ್ಪ ಒಂದೇ ಮಾತು ಹೇಳಿದ್ದರು:

"ಮೋಟಾರ್ ದೋಣಿ ಇರೂತನಕ ಹೋಗ್ಲಿ. ಹರಗೋಲಿನ್ಯಾಗ ಮಾತ್ರ ಹೆಣ್ಮಗಳನ್ನ ಕಳಸಾಂವಲ್ಲ ನಾ."

ಹೀಗೆ ಅಕ್ಕನ ಓದು ಆ ಮೋಟಾರಿಗೆ ಕಟ್ಟುಬಿದ್ದಿತು.

ಬೆಳಿಗ್ಗೆ ಅಕ್ಕನನ್ನು ಕಳಿಸಲು ನಾನೂ ಅವ್ವನೂ ಹೊಳೆಗೆ ಹೋಗುತ್ತಿದ್ದೆವು. ಅಕ್ಕನ ಚೀಲದಿಂದ ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ. ದೋಣಿಯಿಂದ ಪೆಟ್ರೋಲಿನ ವಾಸನೆ. ನಾನು ಕಲ್ಲಿನ ಮೇಲೆ ಕುಳಿತು ಗಜಗ ಆಡುತ್ತಾ ಕಾಕಾನ ಕ್ರಮ ನೋಡುತ್ತಿದ್ದೆ. ಮೊದಲು ಎಣ್ಣೆ, ಆಮೇಲೆ ಬೋಲ್ಟುಗಳ ಬಿಗಿತ, ಆಮೇಲೆ ಹಗ್ಗ ಸುತ್ತಿ ಎಳೆಯುವುದು, ಕೊನೆಗೆ ನೀರು ಬರುತ್ತಿದೆಯೇ ಎಂದು ನೋಡುವುದು. ಒಂದನ್ನೂ ಹಿಂದುಮುಂದು ಮಾಡುತ್ತಿರಲಿಲ್ಲ. ಆ ಮೋಟಾರು ಹೊಳೆಯ ನೀರನ್ನು ತಾನೇ ಹೀರಿ, ಮೈ ತಂಪು ಮಾಡಿಕೊಂಡು, ಹಿಂದಿನ ಒಂದು ತೂತಿನಿಂದ ಸಣ್ಣಗೆ ಹೊರಗೆ ಬಿಡುತ್ತಿತ್ತು.

"ಏನದು ಕಾಕಾ?" ಎಂದು ಕೇಳಿದ್ದೆ.

"ಉಚ್ಚಿ ಹೊಯ್ಯಾಕತ್ತೇತಿ. ಹೊಯ್ಯೂತನಕ ಅರಾಮ ಐತಿ ಅಂತ ತಿಳಕೋ. ನಿಂತರ ಜ್ವರಾ."

ಅವ್ವನಿಗೂ ಒಂದು ಕ್ರಮವಿತ್ತು. ತುಂಬಿದ ಹೊಳೆ ಬಸುರಿ ಇದ್ದಂತೆ. ಅದಕ್ಕೆ ಉಡಿ ತುಂಬದೆ ಮಗಳನ್ನು ಅದರ ಮೇಲೆ ಕಳಿಸುವುದು ಹೇಗೆ? ಊರಿನ ಹೆಂಗಸರೆಲ್ಲ ಶ್ರಾವಣದಲ್ಲಿ ಒಮ್ಮೆ ಗಂಗವ್ವನ ಉಡಿ ತುಂಬಿದರೆ ಅವ್ವ ದಿನಾ ತುಂಬುತ್ತಿದ್ದಳು. ಮೋಟಾರು ಚಾಲೂ ಆಗಿ ನೀರು ನೊರೆಯೆದ್ದು ಕಲಕುವ ಜಾಗವೇ ಗಂಗವ್ವನ ಉಡಿ ಎಂದುಕೊಂಡು, ಅರಿಶಿನ ಹಚ್ಚಿದ ಒಂದು ಹಿಡಿ ಅಕ್ಕಿಯನ್ನು ಅಲ್ಲಿಗೇ ಹಾಕಿ ಕೈ ಮುಗಿಯುತ್ತಿದ್ದಳು.

"ವೈನಿ, ನನ್ನ ಮೋಟಾರಿಗೆ ದಿನಾ ಸೀಮಂತ ಮಾಡಾಕತ್ತೀರಿ. ಹಡದರ ಬಾಣಂತನಾನೂ ನೀವ ಮಾಡ್ರಿ ಮತ್ತ" ಎಂದು ಕಾಕಾ ನಗುತ್ತಿದ್ದ.

ಶ್ರಾವಣ ಮುಗಿಯುವ ಹೊತ್ತಿಗೆ ಮೋಟಾರಿಗೆ ನಿಜವಾಗಿಯೂ ಜ್ವರ ಬಂತು. ನಡುಹೊಳೆಯಲ್ಲಿ ದನಿ ಒಡೆಯುತ್ತಿತ್ತು, ಬಣ್ಣ ಸುಟ್ಟ ಕಮಟು ವಾಸನೆ ಬರುತ್ತಿತ್ತು. ತೂತಿನ ಧಾರೆ ಸಣ್ಣಗಾಗಿ ಹನಿಯಾಗುತ್ತಿತ್ತು. ಕಾಕಾ ಮೋಟಾರು ನಿಲ್ಲಿಸಿ ಹುಟ್ಟು ಹಾಕುತ್ತಿದ್ದ. ತೂತಿಗೆ ತಂತಿ ಹಾಕಿ ತಿವಿದ. ಎಣ್ಣೆಯ ಪ್ರಮಾಣ ಬದಲಿಸಿದ. ಮೋಟಾರನ್ನು ಮೇಲಕ್ಕೆತ್ತಿ ನೀರು ಹೀರುವ ಜಾಳಿಗೆಗೆ ಸುತ್ತಿದ್ದ ಪಾಚಿ ಕಿತ್ತ. ಆ ಜಾಳಿಗೆ ಮೋಟಾರು ಬಂದಾಗಿನಿಂದಲೂ ಒಂದು ಕಡೆ ಮುರಿದಿತ್ತು, ಬದಲಿ ಸಿಕ್ಕಿರಲಿಲ್ಲ. ಪ್ರತಿಸಲವೂ ಒಂದೆರಡು ದಿನ ನೆಟ್ಟಗೆ ನಡೆದು ಮತ್ತೆ ಬಿಸಿಯೇರುತ್ತಿತ್ತು.

"ಗಂಗವ್ವಗ ಉರಿ ಆಗೇತಿ. ತಂಪ ಮಾಡಬೇಕು" ಎಂದಳು ಅವ್ವ. ಒಂದು ಹಿಡಿ ಅಕ್ಕಿ ಎರಡು ಹಿಡಿಯಾಯಿತು.

ಕೊನೆಗೆ ಒಂದು ರವಿವಾರ ಕಾಕಾ ಮೋಟಾರನ್ನು ದಂಡೆಗೆ ತಂದು ಗೋಣಿತಟ್ಟಿನ ಮೇಲೆ ಮಲಗಿಸಿ ಬಿಚ್ಚಿದ. ಬೋಲ್ಟು ಬಿಚ್ಚುವ ಪಾನಾ ಕೊಡಲು ಅಕ್ಕ ಕುಳಿತಿದ್ದಳು, ಪಕ್ಕದಲ್ಲಿ ನಾನು. ನೀರು ಏರುವ ಕೊಳವೆಯನ್ನು ಕಾಕಾ ಕಲ್ಲಿಗೆ ಮೆಲ್ಲಗೆ ತಟ್ಟಿದ. ಹಳದಿ ಮುದ್ದೆಯೊಂದು ಜಾರಿ ಅಂಗೈಗೆ ಬಿತ್ತು. ಅಕ್ಕಿ. ಮುರಿದ ಜಾಳಿಗೆಯಿಂದ ಒಳಗೆ ಹೋಗಿ, ನೆನೆದು ಉಬ್ಬಿ, ಗಚ್ಚಿನಂತೆ ಕೂತಿತ್ತು. ಅದರ ಕೆಳಗೆ ನೀರೆತ್ತುವ ರಬ್ಬರಿನ ಗಾಲಿ ನೀರಿಲ್ಲದೆ ತಿರುಗಿ ತಿರುಗಿ ಸುಟ್ಟು ರೆಕ್ಕೆ ಕಳೆದುಕೊಂಡಿತ್ತು.

ಅಷ್ಟರಲ್ಲಿ ಅವ್ವ ಚಹಾ ತೆಗೆದುಕೊಂಡು ಬರುವುದು ಕಾಣಿಸಿತು. ಕಾಕಾ ಕೈಯನ್ನು ಹೊಳೆಯಲ್ಲಿ ಅದ್ದಿ ತೊಳೆದುಕೊಂಡ.

"ಏನಾಗಿತ್ತೋ?" ಎಂದಳು ಅವ್ವ.

"ಕಸಾ ಸಿಕ್ಕಿತ್ರಿ ವೈನಿ. ಹೊಳೀ ಕಸಾ."

ಅಕ್ಕ ತಲೆ ಎತ್ತದೆ ಪಾನಾಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಆ ಗಾಲಿ ಸಿಗಲಿಲ್ಲ. ಸವಣೂರಿನ ಇಂಜಿನ್ ರಿಪೇರಿಯವರು ನೋಡಿ, "ಇದರ ಸಾಮಾನು ಈಗ ಬರೂದಿಲ್ರಿ" ಎಂದರು. ಕಾಕಾ ಲಾರಿಯ ಹಳೆಯ ಟೈರು ಕೊರೆದು ತಾನೇ ಒಂದು ಗಾಲಿ ಮಾಡಿದ. ಮುರಿದ ಜಾಳಿಗೆಗೆ ತಂತಿ ಹೆಣೆದ. ದಂಡೆಯ ಬಳಿ ನಡೆಸಿ ನೋಡಿದಾಗ ಧಾರೆ ದಪ್ಪಗೆ ಬಂತು. ಮರುದಿನ ಅಕ್ಕ ಎರಡು ಜಡೆ ಬಿಗಿದುಕೊಂಡು ದೋಣಿ ಹತ್ತಿದಳು. ಅಪ್ಪ ಕೊಡೆ ಹಿಡಿದು ದಂಡೆಯಲ್ಲಿ ನಿಂತಿದ್ದರು. ಅವ್ವ ಅಕ್ಕಿ ಹಾಕಲು ಹೋದಾಗ ಅಕ್ಕ ಅವಳ ಕೈ ಹಿಡಿದು, "ಇವತ್ತ ನನ್ನ ಉಡಿಯಾಗ ಹಾಕಬೇ. ಆಚೀ ದಂಡ್ಯಾಗ ನಾನ ಗಂಗವ್ವಗ ಕೊಡ್ತೇನಿ" ಎಂದು ಸೆರಗು ಒಡ್ಡಿದಳು.

ದೋಣಿ ಅರ್ಧ ದಾರಿ ಹೋಗಿರಬಹುದು. ದನಿ ಒಡೆಯಿತು. ಕಾಕಾ ಬಗ್ಗಿ ತೂತು ನೋಡಿದ್ದು ದಂಡೆಗೂ ಕಾಣಿಸಿತು. ಆಮೇಲೆ ಸದ್ದೇ ನಿಂತಿತು. ಸೆಳವು ದೋಣಿಯನ್ನು ಅಡ್ಡ ತಿರುಗಿಸಿ ಒಯ್ದಿತು. ಅಪ್ಪ ಕೊಡೆ ಮಡಚಿ ದಂಡೆಗುಂಟ ಓಡಿದರು. ಎಷ್ಟೋ ಕೆಳಗೆ, ನೀರಲ್ಲಿ ಮುಳುಗಿದ್ದ ಜಾಲಿಕಂಟಿಗೆ ದೋಣಿ ಸಿಕ್ಕಿಕೊಂಡಿತು. ಅಕ್ಕ ಮುಳ್ಳು ತರಚಿದ ಕೈಗಳಿಂದಲೇ ಚೀಲವನ್ನು ತಲೆಯ ಮೇಲೆ ಹಿಡಿದು ಎದೆಮಟ್ಟ ನೀರಿನಲ್ಲಿ ಈಚೆಗೆ ಬಂದಳು. ಪುಸ್ತಕ ತೊಯ್ದಿರಲಿಲ್ಲ.

"ಸಾಕು" ಎಂದರು ಅಪ್ಪ. ಬೈಯಲಿಲ್ಲ.

"ಅಣ್ಣಾ, ಇನ್ನೊಂದ ಗಾಲಿ ಕೊರೀತೇನಿ" ಎಂದ ಕಾಕಾ.

"ಸಾಕಂದ್ನೆಲ್ಲೋ."

ಗುತ್ತಿಗೆಯವರು ಮೋಟಾರನ್ನು ಹಳೇ ಕಬ್ಬಿಣಕ್ಕೆ ಕೊಟ್ಟರು. ಬೇಸಿಗೆಯಲ್ಲಿ ಅಕ್ಕನನ್ನು ಹಿರೇಕೆರೂರಿನ ಕಡೆ ಮದುವೆ ಮಾಡಿಕೊಟ್ಟರು. ನನ್ನ ಪಾಳಿ ಬರುವ ಹೊತ್ತಿಗೆ ಸೇತುವೆಯಾಯಿತು. ನಾನು ಓದಿದೆ, ಶಿಕ್ಷಕಿಯಾದೆ, ಗಂಟೆ ಹೊಡೆದಂತೆ ಬದುಕಿದೆ. ಯಾವ ಕೆಲಸಕ್ಕೆ ಕೈ ಹಾಕಿದರೂ ಕಾಕಾನ ಕ್ರಮವೇ ನೆನಪಾಗುತ್ತದೆ. ಆದರೆ ಕ್ರಮ ತಪ್ಪದೆ ನಡೆದ ಇಬ್ಬರ ನಡುವೆಯೇ ಅಕ್ಕನ ಓದು ಮುಳುಗಿದ್ದನ್ನು ಯಾವ ಕ್ರಮಕ್ಕೆ ಸೇರಿಸಬೇಕೋ ತಿಳಿಯದು. ಈಗ ಬಸ್ಸು ಆ ಹೊಳೆಯನ್ನು ಒಂದು ಮಾತು ಮುಗಿಯುವುದರೊಳಗೆ ದಾಟುತ್ತದೆ. ದೋಣಿಕಟ್ಟೆ ಇದ್ದಲ್ಲಿ ಜಾಲಿ ಬೆಳೆದಿದೆ. ಕಾಕಾ ಇಲ್ಲ, ಅಪ್ಪ ಇಲ್ಲ.

ಅವ್ವ ಹಾಸಿಗೆ ಹಿಡಿದಾಗ ಅಕ್ಕ ಬಂದು ಕಾಲ ಬಳಿ ಕುಳಿತಿದ್ದಳು. ಅವ್ವ ಇದ್ದಕ್ಕಿದ್ದಂತೆ ಕೇಳಿದಳು:

"ನಾ ದಿನಾ ಉಡಿ ತುಂಬಿದ್ನೆಲ್ಲವಾ. ಆದ್ರೂ ಆ ಮೋಟಾರ್ ಯಾಕ ಕೆಟ್ಟಿತು?"

ಅಕ್ಕ ಅವಳ ಹೊದಿಕೆ ಸರಿಮಾಡುತ್ತಾ ಹೇಳಿದಳು: "ಹಳೇದಿತ್ತಬೇ. ಭಾಳ ಹಳೇದಿತ್ತು."