ಚಾಸಿಬ್ ಗಟ್ಟಿಯಾಗಿ ಓದಿದ ಆರು ಪುಟ

ಇರಾಕಿನ ಬಸ್ರಾದ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ಚಾಸಿಬ್ ಮುತಶ್ಶರ್ ಇಪ್ಪತ್ತೆರಡು ವರ್ಷ ನದಿಯ ಉಬ್ಬರವಿಳಿತದ ಹೊತ್ತು, ಮೀನಿನ ಧಾರಣೆ ಮತ್ತು ತೀರಿಕೊಂಡವರ ಹೆಸರುಗಳನ್ನು ಓದಿದ. ದನಿಯೇ ಅವನ ಆಸ್ತಿ. ಅವನ ಬಾಯಲ್ಲಿ ತಮ್ಮ ತಂದೆಯ ಹೆಸರು ಬಂದರೆ ಸಾವಿಗೂ ಒಂದು ಘನತೆ ಬಂತೆಂದು ಊರಿನವರು ಸಮಾಧಾನಪಡುತ್ತಿದ್ದರು. ಮೂಗು ದೊಡ್ಡದು, ನಡುವೆ ಡುಬ್ಬ ಬೇರೆ. ಆದರೆ ಮೈಕಿಗೆ ಮೂಗು ಕಾಣಿಸುವುದಿಲ್ಲವಾದ್ದರಿಂದ ನಲವತ್ತೇಳನೆಯ ವಯಸ್ಸಿನವರೆಗೆ ಅವನು ಅದರ ಯೋಚನೆಯನ್ನೇ ಮಾಡಿರಲಿಲ್ಲ.

ಆ ವರ್ಷ ಕೇಂದ್ರದ ಯಜಮಾನರು ಸ್ಟುಡಿಯೋಗೆ ಕ್ಯಾಮೆರಾ ಹಾಕಿಸುವುದಾಗಿ ಹೇಳಿದರು. ಇನ್ನು ಮುಂದೆ ಜನ ಸುದ್ದಿಯನ್ನು ಫೋನಿನಲ್ಲಿ ನೋಡುತ್ತ ಕೇಳುತ್ತಾರಂತೆ. ಚಾಸಿಬ್ ಮನೆಗೆ ಬಂದವನೇ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತ.

"ಏನ್ ಹುಡುಕ್ತಿದೀರಾ?" ಎಂದಳು ಹೆಂಡತಿ ನಜೀಹಾ.

"ಇದು ಯಾವಾಗಿಂದ ಹಿಂಗಿದೆ?"

"ಮದುವೆ ದಿನ ಬಾಗಿಲೊಳಗೆ ನಿಮಗಿಂತ ಮುಂಚೆ ಬಂದಿದ್ದೇ ಅದು."

ನಜೀಹಾಳ ತಮ್ಮ ಫಾಲಿಹ್ ಗಡಿಯಾಚೆ ಇರಾನಿನ ಶಿರಾಜಿಗೆ ರೋಗಿಗಳನ್ನು ಬಸ್ಸಿನಲ್ಲಿ ಕರೆದೊಯ್ಯುವ ದಲ್ಲಾಳಿ. ಪಾರಸಿಯಲ್ಲಿ ಅವನಿಗೆ "ಕಡಿಮೆ ಮಾಡಿ" ಎನ್ನುವುದೊಂದು ಬರುತ್ತಿತ್ತು. "ಭಾವ, ಅಲ್ಲಿ ಮೂಗು ಮಾಡೋದು ಅಂದ್ರೆ ನಮ್ಮಲ್ಲಿ ಕ್ಷೌರ ಮಾಡಿದಂಗೆ. ಗುರುವಾರ ಹೋದ್ರೆ ಮುಂದಿನ ಗುರುವಾರ ಹೊಸಬರಾಗಿ ಬರ್ತೀರಿ," ಎಂದ.

ಆಸ್ಪತ್ರೆಯ ಪಡಸಾಲೆಯಲ್ಲಿ ನರ್ಸ್ ಆರು ಪುಟದ ಒಪ್ಪಿಗೆ ಪತ್ರವನ್ನು ಚಾಸಿಬನ ಕೈಗಿಟ್ಟಳು. ಪತ್ರವಿದ್ದದ್ದು ಪಾರಸಿಯಲ್ಲಿ. ಚಾಸಿಬನ ಭಾಷೆ ಅರಬ್ಬಿ, ಆದರೆ ಪಾರಸಿಯನ್ನು ಬರೆಯುವುದೂ ಅದೇ ಅಕ್ಷರದಲ್ಲಿ. ಅಕ್ಷರ ಕಂಡರೆ ಸುಮ್ಮನಿರುವ ಜಾತಿಯಲ್ಲ ಚಾಸಿಬ್. ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ತಡವರಿಸದೆ, ತೀರಿಕೊಂಡವರ ಹೆಸರು ಓದುವ ಅದೇ ಗಂಭೀರ ದನಿಯಲ್ಲಿ ಓದಿದ. ಪಡಸಾಲೆ ಸ್ತಬ್ಧವಾಯಿತು. ಕೊನೆಯಲ್ಲಿ ಮೂಲೆಯ ಮುದುಕಿಯೊಬ್ಬಳು "ಆಮೀನ್" ಎಂದಳು. ಅವನು ಸಹಿ ಹಾಕಿದ.

ಕಟ್ಟು ಬಿಚ್ಚಿದಾಗ ಮೂಗು ಚೆಲುವಾಗಿತ್ತು. ನೆಟ್ಟಗೆ, ಸಣ್ಣಗೆ, ನೋಡಿದವರು ಇನ್ನೊಮ್ಮೆ ನೋಡುವಂತೆ. ತೊಂದರೆ ಗೊತ್ತಾದದ್ದು ಬಸ್ರಾದಲ್ಲಿ, ಮೊದಲ ಪ್ರಸಾರದ ದಿನ. ಒಂದು ಹೆಸರು ಓದಿ ಮುಗಿಸಿ ಉಸಿರೆಳೆದುಕೊಂಡಾಗ ಮೂಗಿನಿಂದ ಉದ್ದನೆಯ, ಸ್ಪಷ್ಟವಾದ ಸಿಳ್ಳೆ ಹೊರಟಿತು. ಆ ದಿನ ಹದಿನಾಲ್ಕು ಜನ ತೀರಿಕೊಂಡಿದ್ದರು. ಹದಿನಾಲ್ಕು ಸಿಳ್ಳೆ.

ಸಂಜೆ ಕೇಂದ್ರಕ್ಕೆ ಒಬ್ಬ ಗೃಹಸ್ಥ ಬಂದು, ಊರಿನವರೆಲ್ಲ ಚಾಸಿಬನನ್ನು ಕರೆಯುವಂತೆ ಮಗನ ಹೆಸರು ಹಿಡಿದು, ತುಂಬ ಮರ್ಯಾದೆಯಿಂದ ಕೇಳಿದ: "ಅಬೂ ಹಾತಿಮ್, ನಮ್ಮಪ್ಪನ ಹೆಸರು ಓದಿ ಸಿಳ್ಳೆ ಹಾಕಿದ್ರಲ್ಲ, ಅವರು ನಿಮಗೇನ್ ಮಾಡಿದ್ರು?"

ಯಜಮಾನರು ಚಾಸಿಬನನ್ನು ಹಳೆಯ ಕ್ಯಾಸೆಟ್ಟುಗಳ ಕೋಣೆಗೆ ಹಾಕಿದರು. ಅಲ್ಲಿಂದ ಅವನು ಶಿರಾಜಿನ ಆಸ್ಪತ್ರೆಗೆ ಸಂದೇಶ ಕಳಿಸಿದ. ಮೂಗಿನ ಚಿತ್ರ ಕಳಿಸಿ ಎಂದರು. ಕಳಿಸಿದ. ಅಭಿನಂದನೆ ಎಂದು ಉತ್ತರ ಬಂತು. ಸಿಳ್ಳೆಯನ್ನೇ ರೆಕಾರ್ಡ್ ಮಾಡಿ ಕಳಿಸಿದ. ಕೆಂಪು ಹೃದಯದ ಗುರುತೊಂದು ಬಂತು. ಮರುವಾರ ಅವನ ಮುಖ ಆಸ್ಪತ್ರೆಯ ಜಾಹೀರಾತಿನಲ್ಲಿತ್ತು.

ಆಗ ಅವನು ಗಡಿ ದಾಟಿ ಖುರ್ರಮ್‌ಶಹರಿನ ವಕೀಲೆ ಖವ್ಲಾಳ ಬಳಿ ಹೋದ. ಅವಳು ಅಲ್ಲಿಯ ಅರಬ್ಬರ ಪೈಕಿ, ಎರಡೂ ಭಾಷೆ ಬಲ್ಲವಳು. ಅವನ ಕಥೆಯನ್ನೂ ಸಿಳ್ಳೆಯನ್ನೂ ಕೇಳಿ, ಒಣನಿಂಬೆಯ ಚಹಾ ತರಿಸಿದಳು.

"ದೂರು ಕೊಡಬೇಕಾದ್ದು ಆಪರೇಷನ್ ಆದ ದೇಶದಲ್ಲೇ, ಅಣ್ಣ. ಬಸ್ರಾದಲ್ಲಿ ಕೂತು ಕೂಗಿದ್ರೆ ಆಗಲ್ಲ. ನಿಮ್ಮ ಪೂರ್ತಿ ಫೈಲಿನ ನಕಲು ಕೇಳೋ ಹಕ್ಕು ನಿಮಗಿದೆ, ಅದನ್ನ ನಾನು ತರಿಸ್ತೀನಿ. ಬಸ್ರಾದ ಡಾಕ್ಟ್ರ ಹತ್ರ ಈಗಿನ ಸ್ಥಿತಿ ಬರೆಸ್ಕೊಂಡು ಬನ್ನಿ. ಕೇಳದೆ ಮುಖ ಹಾಕ್ಕೊಂಡಿದಾರಲ್ಲ, ಅದೂ ದೂರಿಗೆ ಸೇರುತ್ತೆ. ಎಲ್ಲಕ್ಕಿಂತ ದೊಡ್ಡದು ಒಪ್ಪಿಗೆ ಪತ್ರ. ನಿಮಗೆ ತಿಳಿಯೋ ಭಾಷೇಲಿ ಹೇಳದೆ ಹಾಕಿಸ್ಕೊಂಡ ಸಹಿಗೆ ಬಲ ಇಲ್ಲ ಅಂತ ವಾದ ಮಾಡಬಹುದು. ಪತ್ರದಲ್ಲಿದ್ದದ್ದು ನಿಮಗೆ ಅರ್ಥ ಆಗಿತ್ತಾ?"

"ಓದಿದ್ದೆ."

"ಅರ್ಥ ಆಗಿತ್ತಾ ಅಂದೆ."

"ಒಂದಷ್ಟು ಆಗಿತ್ತು," ಎಂದ ಚಾಸಿಬ್. ಇಪ್ಪತ್ತೆರಡು ವರ್ಷದಲ್ಲಿ ಓದಿದ್ದು ತಿಳಿಯಲಿಲ್ಲ ಎಂದು ಅವನು ಯಾರ ಮುಂದೆಯೂ ಹೇಳಿದವನಲ್ಲ.

"ಆ ಒಂದಷ್ಟೇ ನಿಮ್ಮನ್ನ ಮುಳುಗಿಸೋದು," ಎಂದಳು ಖವ್ಲಾ.

ಐದು ತಿಂಗಳ ನಂತರ ಶಿರಾಜಿನ ವೈದ್ಯ ಮಂಡಳಿಯ ಮುಂದೆ ದೂರು ವಿಚಾರಣೆಗೆ ಬಂತು. ಮೇಜಿನ ಆಚೆ ಮೂವರು ವೈದ್ಯರು, ಪಕ್ಕದಲ್ಲಿ ಒಬ್ಬ ದುಭಾಷಿ. ವೈದ್ಯರ ನಡುವೆ ಕೂತ ಅಧ್ಯಕ್ಷರಿಗೆ ವಯಸ್ಸಾಗಿತ್ತು. ಅವರೇ ಎದ್ದು ಬಂದು ಚಾಸಿಬನ ಮೂಗಿಗೆ ಕಿವಿಯಿಟ್ಟು ಉಸಿರಾಡಲು ಹೇಳಿದರು. ಸಿಳ್ಳೆ ಕೇಳಿ ಬಾಗಿಲ ಹೊರಗಿದ್ದ ಜವಾನ ತನ್ನನ್ನು ಕರೆದರೆಂದು ಒಳಗೆ ಬಂದ. ಮೂಗಿನ ನಡುಗೋಡೆಯಲ್ಲಿ ತೂತಾಗಿದೆ ಎಂದು ಅಧ್ಯಕ್ಷರು ಬರೆಸಿದರು.

ಆಸ್ಪತ್ರೆಯ ವಕೀಲ ಅದನ್ನು ಅಲ್ಲಗಳೆಯಲಿಲ್ಲ. ಹೀಗಾಗಬಹುದೆಂದು ನಾಲ್ಕನೇ ಪುಟದಲ್ಲಿ ಬರೆದಿದೆ, ಈ ಮನುಷ್ಯ ಅದನ್ನು ಇಪ್ಪತ್ತು ಜನರ ಮುಂದೆ ಗಟ್ಟಿಯಾಗಿ ಓದಿದ್ದಾನೆ ಎಂದ. ನರ್ಸ್ ಸಾಕ್ಷಿ ಹೇಳಿದಳು: "ಒಂದೆರಡು ಕಡೆ ಉಚ್ಚಾರ ಅರಬ್ಬಿ ಥರ ಇತ್ತು, ಸಾರ್. ಆದ್ರೆ ನಮ್ಮೋರು ಯಾರೂ ಅಷ್ಟು ಚೆನ್ನಾಗಿ ಓದಲ್ಲ."

ಖವ್ಲಾ ನಾಲ್ಕನೇ ಪುಟವನ್ನು ಚಾಸಿಬನ ಮುಂದಿಟ್ಟಳು. "ಓದಿ ಅಣ್ಣ."

ಓದಿದ. ಸಿಳ್ಳೆಯ ನಡುವೆಯೂ ಅವನ ದನಿಗೆ ಅಧ್ಯಕ್ಷರು ಕಣ್ಣು ಮುಚ್ಚಿ ತಲೆದೂಗಿದರು.

"ಈಗ ಅದರ ಅರ್ಥ ಹೇಳಿ."

ಚಾಸಿಬನ ಕಿವಿ ಬಿಸಿಯಾಯಿತು. ಪಾರಸಿಯಲ್ಲಿ 'ಬೀನಿ' ಎಂದರೆ ಮೂಗು. ಅದೇ ಅಕ್ಷರಗಳು ಅರಬ್ಬಿಯಲ್ಲಿ 'ನನ್ನ ನಡುವೆ' ಎಂದಾಗುತ್ತವೆ. ಪಾರಸಿಯಲ್ಲಿ ಮುಖವೆನ್ನುವ ಮಾತು ಅರಬ್ಬಿಯಲ್ಲಿ ಚಿತ್ರ. ಅಲ್ಲಿ ಚಿಕಿತ್ಸೆಯ ತೊಂದರೆಗಳೆನ್ನುವ ಮಾತು ಇಲ್ಲಿ ಅಡ್ಡತೊಲೆಗಳು. ಅವನು ತನಗೆ ತಿಳಿದದ್ದನ್ನೇ ಹೇಳಿದ, ದುಭಾಷಿ ಮುಖ ಬಿಗಿಹಿಡಿದು ಪಾರಸಿಗೆ ತಿರುಗಿಸಿದ: "ಇದು ನನ್ನ ಮತ್ತು ಡಾಕ್ಟರ ನಡುವಿನ ಕೆಲಸ. ನನ್ನ ಚಿತ್ರ ಬದಲಾದರೆ ನಾನು ದೂರುವಂತಿಲ್ಲ. ಅಡ್ಡತೊಲೆಗಳ ಹೊಣೆ ನನ್ನದು."

ಬಲಗಡೆಯ ವೈದ್ಯರು ಕೆಮ್ಮಿದಂತೆ ಮಾಡಿ ಕಿಟಕಿಯ ಕಡೆ ತಿರುಗಿದರು.

"ಆಸ್ಪತ್ರೆಯ ತೊಲೆಗಳ ಹೊಣೆ ಹೊತ್ತು ಸಹಿ ಹಾಕಿದಿರಾ?" ಎಂದು ಅಧ್ಯಕ್ಷರು ಕೇಳಿದರು.

"ಕಟ್ಟಡ ಹಳೇದಿತ್ತು ಸ್ವಾಮಿ. ಎಲ್ಲರ ಹತ್ರಾನೂ ಬರೆಸ್ಕೋತಾರೇನೋ ಅಂದ್ಕೊಂಡೆ."

"ಇದು ನಾಟಕ," ಎಂದ ಆಸ್ಪತ್ರೆಯ ವಕೀಲ. "ತಿಳಿಯದಿದ್ದರೆ ಆಗಲೇ ಯಾಕೆ ಕೇಳಲಿಲ್ಲ?"

ಚಾಸಿಬ್ ನಾಲ್ಕನೇ ಪುಟವನ್ನು ಮೇಜಿನ ಮೇಲೆ ಬೋರಲಿಟ್ಟ. ಕೋಣೆಯಲ್ಲಿ ಅವನ ಉಸಿರಷ್ಟೇ ಕೇಳುತ್ತಿತ್ತು, ಎಲ್ಲರಿಗೂ. "ಎಲ್ರೂ ಕೇಳಿಸ್ಕೊಳ್ತಾ ಇದ್ರು," ಎಂದ ಕೊನೆಗೆ. "ನಿಲ್ಲಿಸೋಕೆ ನಾಚಿಕೆ ಆಯ್ತು. ನಂಗೆ ಒಂದು ಸಾಲೂ ಅರ್ಥ ಆಗಿರ್ಲಿಲ್ಲ."

ಖವ್ಲಾ ಪೆನ್ನು ಕೆಳಗಿಟ್ಟಳು.

ಓದುವುದು ಬೇರೆ, ಒಪ್ಪುವುದು ಬೇರೆ ಎಂದು ತೀರ್ಮಾನದಲ್ಲಿತ್ತು. ದುಭಾಷಿಯನ್ನು ಕೂರಿಸದೆ ಸಹಿ ಹಾಕಿಸಿಕೊಂಡದ್ದು ಆಸ್ಪತ್ರೆಯ ತಪ್ಪು. ಜಾಹೀರಾತು ತೆಗೆಯಬೇಕು, ಶುಲ್ಕ ಹಿಂತಿರುಗಿಸಬೇಕು, ಚಾಸಿಬ್ ತಾನೇ ಆರಿಸಿದ ವೈದ್ಯರಿಂದ ಮೂಗು ಸರಿಮಾಡಿಸಿಕೊಳ್ಳುವ ಖರ್ಚನ್ನೂ ಕೊಡಬೇಕು. ಆಸ್ಪತ್ರೆ ಒಂಬತ್ತು ತಿಂಗಳು ಎಳೆದಾಡಿ ಕೊಟ್ಟಿತು. ತೂತು ಮುಚ್ಚಿಸಿದ್ದು ಬಾಗ್ದಾದಿನಲ್ಲಿ. ಸಹಿಗೆ ಮುಂಚೆ ಚಾಸಿಬ್ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಅಲ್ಲಿಯ ವೈದ್ಯರು ಮಧ್ಯಾಹ್ನದ ಊಟ ತಪ್ಪಿಸಿಕೊಂಡರು.

ಈಗ ಮೆಟ್ಟಿಲು ಹತ್ತಿದಾಗ ಮಾತ್ರ ಸಣ್ಣಗೆ ಸಿಳ್ಳೆ ಬರುತ್ತದೆ. ಅವನು ಮತ್ತೆ ಹೆಸರುಗಳನ್ನು ಓದುತ್ತಾನೆ. ಹೊರದೇಶಕ್ಕೆ ಹಲ್ಲು, ಕೂದಲು, ಮೂಗು ಅಂತ ಹೊರಟವರು ಕಾಗದ ಹಿಡಿದು ಅವನ ಮನೆಗೆ ಬರುತ್ತಾರೆ. ಅವರನ್ನು ಕಳಿಸುವವನು ಫಾಲಿಹ್. ಚಾಸಿಬ್ ಕಾಗದವನ್ನು ಓದುವುದಿಲ್ಲ. ಮಡಚಿ ವಾಪಸು ಕೊಟ್ಟು ಖವ್ಲಾಳ ನಂಬರು ಬರೆದುಕೊಡುತ್ತಾನೆ. ಅಬೂ ಹಾತಿಮರ ದನಿ ಕೇಳೋಣ ಅಂತ ಬಂದವರಿಗೆ ಸ್ವಲ್ಪ ನಿರಾಸೆಯಾಗುತ್ತದೆ. ನಜೀಹಾ ಅವರಿಗೆ ಚಹಾ ಕೊಟ್ಟು ಕಳಿಸುತ್ತಾಳೆ.